ಡಬ್ಬಾ ಟಿವಿ, ಸಗಣಿ, ಕುಂಕುಮ: ತೊಂಬತ್ತರ ದಶಕದ ಕಲೆಯನ್ನು ಪ್ರದರ್ಶನಕ್ಕಿಟ್ಟ ಬಗೆ

ತೊಂಬತ್ತರ ದಶಕದ ಭಾರತೀಯ ಕಲೆಯ ಪ್ರದರ್ಶನ ಜೋಡಿಸುವಾಗ ಕ್ಯಾನ್ವಾಸುಗಳಿಗೆ ಹಿಡಿದದ್ದು ಒಂದೂವರೆ ದಿನ. ಪ್ರತಿ ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಎತ್ತರಕ್ಕೆ ಬರುವಂತೆ ದಾರ ಎಳೆದು, ಗುರುತು ಹಾಕಿ ತೂಗುಹಾಕಿದರೆ ಮುಗಿಯಿತು. ಉಳಿದ ಹತ್ತು ದಿನ ತಿಂದದ್ದು ಡಬ್ಬಾ ಟಿವಿ, ಸಗಣಿ ಮತ್ತು ಕುಂಕುಮ. ಆ ದಶಕದ ಕಲಾವಿದರು ಕುಂಚ ಬದಿಗಿಟ್ಟು ಕೈಗೆತ್ತಿಕೊಂಡದ್ದೇ ಇಂಥವನ್ನು. 1992ರ ಡಿಸೆಂಬರಿನ ಬಾಬರಿ ಮಸೀದಿ ಧ್ವಂಸ ಮತ್ತು ಮುಂಬೈ ಗಲಭೆಗಳ ಬಳಿಕ ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಸಗಣಿಯತ್ತ ಹೊರಳಿದರು. ಮುಂದೆ ದಾರ, ಸೂಜಿ, ಕುಂಕುಮ ಬಂದವು. ಇನ್ನೊಬ್ಬ ಕಲಾವಿದೆ ನಳಿನಿ ಮಲಾನಿ 1998ರಲ್ಲಿ ತಗಡಿನ ಟ್ರಂಕುಗಳೊಳಗೆ ಟಿವಿ ಕೂರಿಸಿದರು.

‘ಎಲ್‌ಇಡಿ ಪರದೆ ಹಾಕಿಬಿಡಿ, ಯಾರಿಗೆ ಗೊತ್ತಾಗುತ್ತದೆ?’ ಎನ್ನುವವರು ಇದ್ದೇ ಇರುತ್ತಾರೆ. ಗೊತ್ತಾಗುತ್ತದೆ. ಆಗಿನ ವಿಡಿಯೊ 4:3 ಅಳತೆಯದು. ಅಗಲ ಪರದೆಗೆ ಎಳೆದರೆ ಮುಖಗಳೆಲ್ಲ ಉಬ್ಬುತ್ತವೆ. ಪ್ಯಾಲ್ (ಭಾರತದ ಹಳೇ ಟಿವಿ ಪದ್ಧತಿ) ವಿಡಿಯೊದಲ್ಲಿ ಪ್ರತಿ ಚೌಕಟ್ಟೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತಿನಲ್ಲಿ ಬರುತ್ತದೆ. ಹೊಸ ಪರದೆಗೆ ಹಾಗೇ ಕೊಟ್ಟರೆ ಕೈ ಬೀಸಿದ ಕಡೆಯಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಏಳುವುದುಂಟು. ನಾವು ಟೇಪನ್ನು 720×576, ಸೆಕೆಂಡಿಗೆ 25 ಚೌಕಟ್ಟು, ಎರಡು ಕಂತಿನ ಗೆರೆ ಬೆರೆಸದೆ ಡಿಜಿಟಲ್ ಕಡತಕ್ಕೆ ಇಳಿಸಿಕೊಂಡೆವು. ಪ್ರೊಜೆಕ್ಟರಿಗೆ ಮಾತ್ರ ಗೆರೆ ಬೆರೆಸಿದ ಬೇರೆ ಪ್ರತಿ. ಹಳದಿ ಪಿನ್ನಿನ ಎವಿ ಹೊರಗಂಡಿ ಇರುವ ಪ್ಲೇಯರ್ ಸಿಗದಿದ್ದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಪುಟ್ಟ ಡಬ್ಬಿ ಸಾಕು. ಆದರೆ ಅದರ ಬದಿಯ ಸಣ್ಣ ಸ್ವಿಚ್ ಎನ್‌ಟಿಎಸ್‌ಸಿ (ಅಮೆರಿಕದ ಹಳೇ ಟಿವಿ ಪದ್ಧತಿ) ಕಡೆಗಿದ್ದರೆ ಹಳೇ ಟಿವಿಯಲ್ಲಿ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣವೇ ಬರುವುದಿಲ್ಲ. ಅರ್ಧ ದಿನ ಕೇಬಲ್ಲನ್ನು ಬೈದ ಮೇಲೆ ಇದು ಕಣ್ಣಿಗೆ ಬಿತ್ತು.

ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕಲೇಬೇಡಿ. ಹೆಡ್ ಹಾಳಾಗುತ್ತದೆ, ಬೂಷ್ಟು ಮುಂದಿನ ಟೇಪಿಗೂ ಹತ್ತುತ್ತದೆ.

ಆರು ಟಿವಿಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸಿದಾಗ ಬೆಳಗ್ಗೆ ಆನ್ ಮಾಡಿದ ಕೂಡಲೇ ಎಂಸಿಬಿ ಬೀಳುತ್ತಿತ್ತು. ಆರೂ ಟಿವಿ ಓಡುವಷ್ಟು ವಿದ್ಯುತ್ ಹೊರುವ ಶಕ್ತಿ ತಂತಿಗಿತ್ತು; ತೊಂದರೆ ಬೇರೆ. ಬಣ್ಣದ ಟಿವಿ ಆನ್ ಆಗುವ ಕ್ಷಣದಲ್ಲಿ ಚಿತ್ರ ಮೂಡಿಸುವ ಗಾಜಿನ ಕೊಳವೆಯ (ಪಿಕ್ಚರ್ ಟ್ಯೂಬ್) ಕಾಂತಗುಣ ಅಳಿಸುವ ಸುರುಳಿ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಬೇರೆ ಬೇರೆ ಸ್ವಿಚ್ ಕೊಟ್ಟು, ಐದೈದು ಸೆಕೆಂಡ್ ಬಿಟ್ಟು ಹಾಕಿದ ಮೇಲೆ ಸರಿಹೋಯಿತು. ಸ್ಪೀಕರನ್ನು ಟಿವಿಗೆ ಒತ್ತಿ ಇಟ್ಟರೆ ಮೂಲೆಯಲ್ಲಿ ಹಸಿರು ಅಥವಾ ನೇರಳೆ ಕಲೆ ಮೂಡುತ್ತದೆ. ಅದೂ ಕಾಂತದ್ದೇ ಕಾಟ. ಪ್ಲಗ್ ಕಿತ್ತರೂ ಕೊಳವೆಯಲ್ಲಿ ಹೆಚ್ಚಿನ ವೋಲ್ಟೇಜ್ ಉಳಿದಿರುತ್ತದೆ, ಹಿಂಬದಿ ಬಿಚ್ಚುವುದು ಹಳೇ ಟಿವಿ ರಿಪೇರಿಯವರ ಕೆಲಸ.

ಸಗಣಿಯ ಕೃತಿಗಳಿಗೆ ಹುಳುವೇ ಶತ್ರು. ಪೆಟ್ಟಿಗೆ ಬಿಚ್ಚಿ ಮೊದಲು ಅಡಿಯಲ್ಲಿ ಬಿಳಿ ಕಾಗದ ಹಾಸಿ ಎರಡು ದಿನ ಬಿಟ್ಟೆವು. ನುಣ್ಣನೆ ಹುಡಿ ಉದುರಿದರೆ ಒಳಗೆ ಹುಳು ಕೊರೆಯುತ್ತಿದೆ ಎಂದರ್ಥ. ಔಷಧಿ ಸಿಂಪಡಿಸಿದರೆ ಕಲೆ ಬೀಳುತ್ತದೆ, ಹುಳು ಸಾಯಲೆಂದು ಫ್ರೀಜರಿನಲ್ಲಿಟ್ಟರೆ ಬಿರುಕು ಬಿಡುವ ಭಯ. ಗಾಳಿ ನುಸುಳದ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣಗಳೊಂದಿಗೆ ಮೂರು ವಾರ ಮುಚ್ಚಿಡುವುದೇ ಮೇಲು. ಮಳೆಗಾಲದ ತೇವಕ್ಕೆ ಬೂಷ್ಟು ಬರುವುದೂ ಖಚಿತ, ಆದ್ದರಿಂದ ತೇವಾಂಶ 55% ದಾಟದಂತೆ ನೋಡಿಕೊಳ್ಳಬೇಕು.

ಕುಂಕುಮದ್ದು ಬೆಳಕಿನ ರಗಳೆ. ಅರಿಸಿನಕ್ಕೆ ಸುಣ್ಣ ಬೆರೆಸಿದ ಕುಂಕುಮ ಬೆಳಕಿಗೆ ಬೇಗ ಮಾಸುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಕೋಣೆ ಮಂಕೆಂದು ದೂರುವವರಿಗೆ ದಾರಿ ಒಂದೇ: ಹಿಂದಿನ ಕೋಣೆಯನ್ನೂ ಮಂಕಾಗಿಸಿ ಕಣ್ಣನ್ನು ಒಗ್ಗಿಸುವುದು. ಎಸಿ ಗಾಳಿ ನೇರ ಬಡಿದರೆ ಕುಂಕುಮ ಹಚ್ಚಿದ ದಾರ ತೂಗಾಡಿ ಹುಡಿ ಉದುರಿ ಬಿಳಿ ಗೋಡೆ ಕೆಂಪಾಗುತ್ತದೆ, ಹಾಗಾಗಿ ಎಸಿಯ ರೆಕ್ಕೆಗಳನ್ನು ತಿರುಗಿಸಿದೆವು. ಉದುರಿದ ಹುಡಿಯನ್ನು ಎಸೆಯುವುದಿಲ್ಲ. ಮೃದು ಬ್ರಷ್ಷಿನಿಂದ ಕೂಡಿಸಿ, ಲಕೋಟೆಗೆ ಹಾಕಿ, ತಾರೀಖು ಬರೆದು ಕೃತಿಯ ಸ್ಥಿತಿ ವರದಿಯ ಜೊತೆ ಇಡಬೇಕು. ಇದನ್ನು ಮೊದಲ ದಿನವೇ ಸ್ವಚ್ಛತೆಯವರಿಗೆ ಹೇಳಿಡಿ, ಇಲ್ಲದಿದ್ದರೆ ಪಾಪ, ಅವರು ಫಿನಾಯಿಲ್ ಹಾಕಿ ಒರೆಸಿಬಿಡುತ್ತಾರೆ.