ಬಾದಾಮಿಗೆ ಹೊರಡುವ ಮೊದಲು ಗಿರಿ ಹತ್ತಿಸಿದೆ

ಅಮ್ಮನಿಗೆ ಬನಶಂಕರಿಯ ಹರಕೆ ಬಾಕಿ ಇತ್ತು. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಬಂತು. ಬಾದಾಮಿ, ಪಟ್ಟದಕಲ್ಲು, ವಿಜಯಪುರ ನೋಡಿಕೊಂಡು ಹೊಸಪೇಟೆ ಮೇಲೆ ವಾಪಸ್ ಬರೋಣ ಅಂತ ತೀರ್ಮಾನವಾಯಿತು. ಗಾಡಿ ಮಾತ್ರ ನಮ್ಮ 2012ರ ವ್ಯಾಗನ್ ಆರ್. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಡೂರು, ಹೆಚ್ಚೆಂದರೆ ಹಾಸನ. ಅಷ್ಟೇ ಅದು ಕಂಡ ಲೋಕ.

“ದಿನಾ ಓಡ್ತಿದೆಯಲ್ಲ, ಅದರಲ್ಲಿ ಇನ್ನೇನು ನೋಡೋದು?” ಅಂದಳು ಹೆಂಡತಿ. ನನ್ನ ತಲೆನೋವೇ ಅದು. ನಮ್ಮೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ, ತಂಪು. ಇಪ್ಪತ್ತು ನಿಮಿಷ ಓಡಿ ಗಾಡಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಎಂಜಿನ್‌ನಲ್ಲಿ ಏನೇ ಕೊರತೆ ಇದ್ದರೂ ಅದು ಹೊರಗೆ ಬರುವಷ್ಟರಲ್ಲಿ ಕೀ ತೆಗೆದಿರುತ್ತೇವೆ. ಚಿತ್ರದುರ್ಗ ದಾಟಿದ ಮೇಲೆ ಹಾಗಲ್ಲ. ಐದು ಜನ, ಲಗೇಜು, ಎಸಿ, 40 ಡಿಗ್ರಿ ಹತ್ತಿರದ ಬಿಸಿಲು, ಗಂಟೆಗಟ್ಟಲೆ ಒಂದೇ ವೇಗ.

ಅದಕ್ಕೇ ಹದಿನೈದು ದಿನ ಮೊದಲೇ ಸರ್ವೀಸ್‌ಗೆ ಬಿಟ್ಟೆ. ಹೊರಡುವ ಹಿಂದಿನ ದಿನ ಸರ್ವೀಸ್ ಮಾಡಿಸುವವರು ಜಾಸ್ತಿ. ನಾನೂ ಹಿಂದೆ ಹಾಗೇ ಮಾಡುತ್ತಿದ್ದೆ. ಗ್ಯಾರೇಜಿನವರು ಬಿಚ್ಚಿದ್ದನ್ನೆಲ್ಲ ಸರಿಯಾಗಿಯೇ ಕೂರಿಸಿರುತ್ತಾರೆ ಅಂತ ಏನು ಗ್ಯಾರಂಟಿ? ಒಂದು ನೂರು ಕಿಲೋಮೀಟರ್ ನಮ್ಮೂರ ಸುತ್ತಲೇ ಓಡಿಸಿದರೆ ಗೊತ್ತಾಗುತ್ತದೆ.

ಎಂಜಿನ್ ಆಯಿಲ್, ಫಿಲ್ಟರ್‌ಗಳು ಮಾಮೂಲಿ. ನಾಚಿಕೆಯಾಗಿದ್ದು ರೇಡಿಯೇಟರ್ ಖಾಲಿ ಮಾಡಿಸಿದಾಗ. ಹಸಿರಾಗಿ ಬರಬೇಕಾದ ಕೂಲೆಂಟ್ ರಾಗಿ ಅಂಬಲಿ ಹಾಗೆ ಕಂದಾಗಿ ಬಂತು. ತಪ್ಪು ನನ್ನದೇ. ಎರಡು ವರ್ಷದಿಂದ ಕಡಿಮೆಯಾದಾಗಲೆಲ್ಲ ನಲ್ಲಿ ನೀರು ಸುರಿಯುತ್ತಿದ್ದೆ. ಕೂಲೆಂಟ್ ಇರುವುದು ಬರೀ ತಂಪಿಗಲ್ಲ. ನೀರಿಗಿಂತ ತಡವಾಗಿ ಕುದಿಯುತ್ತದೆ, ಒಳಗೆ ತುಕ್ಕು ಹಿಡಿಯದಂತೆ ತಡೆಯುತ್ತದೆ. ದಾರಿಯಲ್ಲಿ ಗತಿ ಇಲ್ಲದಾಗ ನೀರು ಹಾಕಬಹುದು, ಅದೇ ಅಭ್ಯಾಸವಾಗಬಾರದು. ಒಳಗೆಲ್ಲ ತೊಳೆಸಿ ಹೊಸದು ತುಂಬಿಸಿದೆ. ಮುಚ್ಚಳದ ರಬ್ಬರ್ ಸೀಳಿತ್ತು, ಅದನ್ನೂ ಬದಲಾಯಿಸಿದೆ. ಆ ಮುಚ್ಚಳ ಒತ್ತಡ ಹಿಡಿದಿಟ್ಟರೆ ಮಾತ್ರ ಕೂಲೆಂಟ್ ಬೇಗ ಕುದಿಯುವುದಿಲ್ಲ. ಬಿಸಿ ಇರುವಾಗ ಅದನ್ನು ತೆಗೆಯಲೇಬೇಡಿ, ಮುಖಕ್ಕೇ ಹಾರುತ್ತದೆ.

ರೇಡಿಯೇಟರ್ ಮುಂದಿನ ಎಸಿ ಜಾಲರಿಯ ತುಂಬಾ ತೋಟದ ರಸ್ತೆಯ ಕೆಂಪು ಧೂಳು, ಸತ್ತ ಹುಳ. ಗಾಳಿ ನುಗ್ಗಲು ಜಾಗವೇ ಇರಲಿಲ್ಲ. ಅದನ್ನು ಮನೆಯಲ್ಲೇ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಜೋರು ಪಂಪಿನಲ್ಲಿ ಹೊಡೆದರೆ ಆ ತೆಳ್ಳನೆ ತಗಡುಗಳು ಮಡಚಿಕೊಳ್ಳುತ್ತವೆ.

ಆಮೇಲೆ ಪರೀಕ್ಷೆ. ವಾರದ ನಡುವೆ ಒಂದು ಬೆಳಗ್ಗೆ, ಪ್ರವಾಸಿಗರ ಗಾಡಿಗಳು ಬರುವ ಮೊದಲೇ, ಕೈಮರ ದಾಟಿ ಸೀತಾಳಯ್ಯನಗಿರಿವರೆಗೆ ಹತ್ತಿಸಿದೆ. ಎಸಿ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಎರಡು ಮೂಟೆ ಗೊಬ್ಬರ ಇಟ್ಟುಕೊಂಡು. ನಮ್ಮ ತಂಪಿನಲ್ಲಿ ಎಂಜಿನ್ ಬೆವರಬೇಕಾದರೆ ಗಿರಿಯೇ ಗತಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧದಿಂದ ಮೇಲೆ ಹೋಗಲಿಲ್ಲ. ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಬಂದೆ, ಬ್ರೇಕ್ ಸುಟ್ಟ ವಾಸನೆಯೂ ಇಲ್ಲ. ಖುಷಿಯಾಯಿತು.

ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿಟ್ಟಿದ್ದೆ. ಬೆಳಗ್ಗೆ ನೋಡಿದರೆ ರೂಪಾಯಿ ಅಗಲದ ನಾಲ್ಕು ಹಸಿರು ಕಲೆ. ಎಸಿ ನೀರಾದರೆ ಬಣ್ಣ ಇರುವುದಿಲ್ಲ, ಒಣಗಿ ಹೋಗುತ್ತದೆ. ಇದು ಕೂಲೆಂಟೇ. ಕೆಳಗಿನ ಹೋಸ್ ಪೈಪಿನ ಕ್ಲ್ಯಾಂಪ್ ಬಿಗಿ ಮಾಡಿರಲಿಲ್ಲ. ಗ್ಯಾರೇಜಿಗೆ ಒಯ್ದರೆ ಭಾಯ್ ತಲೆ ಕೆರೆದುಕೊಂಡು, “ಹುಡುಗ ಮರೆತಿದ್ದಾನೆ ಸರ್” ಅಂದರು. ಐದು ನಿಮಿಷದ ಕೆಲಸ. ಕುಷ್ಟಗಿಯ ಬಿಸಿಲಿನಲ್ಲಿ ಆಗಿದ್ದರೆ ಅರ್ಧ ದಿನದ ಕೆಲಸ, ಅಲ್ವಾ?

ಟೈರಿನ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚನೇ. ಟೈರಿನ ಗೀರುಗಳ ಆಳ ಎಲ್ಲರೂ ನೋಡುತ್ತಾರೆ, ವಯಸ್ಸು ನೋಡುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತಿದ್ದರೆ 2018ರ 23ನೇ ವಾರ ತಯಾರಾಗಿದ್ದು. ನಮ್ಮ ಹಿಂದಿನ ಎರಡು ಟೈರ್ ಕಡಿಮೆ ಸವೆದಿದ್ದವು, ಆದರೆ ಬದಿಯಲ್ಲಿ ಕೂದಲೆಳೆಯ ಬಿರುಕು. ಇಲ್ಲಿ ಹೇಗೋ ನಡೆಯುತ್ತಿತ್ತು. ಕಾದ ರಸ್ತೆಯಲ್ಲಿ, ತುಂಬಿದ ಗಾಡಿಯಲ್ಲಿ ಬೇಡ ಅನಿಸಿತು. ಎರಡೂ ಹೊಸದು ಹಾಕಿಸಿದೆ. ನೈಟ್ರೋಜನ್ ತುಂಬಿಸಿ ಅಂದರು, ಬೇಡ ಅಂದೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಕಂಪನಿ ಹೇಳಿದಷ್ಟು ಗಾಳಿ, ಲೋಡಿಗೆ ತಕ್ಕಂತೆ, ಟೈರ್ ತಣ್ಣಗಿರುವಾಗ ಹಾಕಿಸಿದರೆ ಸಾಕು. ಓಡಿ ಬಿಸಿಯಾದ ಮೇಲೆ ಒತ್ತಡ ಏರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಗಾಳಿ ಬಿಡಬಾರದು.

ಭಾನುವಾರ ಅಂಗಳದಲ್ಲಿ ಮಗನನ್ನು ಕೂರಿಸಿಕೊಂಡು ಸ್ಟೆಪ್ನಿ ಬದಲಾಯಿಸುವ ತಾಲೀಮು ಮಾಡಿದೆ. ಮಾಡಿದ್ದು ಒಳ್ಳೆಯದೇ ಆಯಿತು. ಟೈರ್ ಅಂಗಡಿಯವರು ಮೆಷಿನ್‌ನಲ್ಲಿ ನಟ್ಟು ಎಷ್ಟು ಬಿಗಿ ಮಾಡಿದ್ದರೆಂದರೆ, ಗಾಡಿ ಜೊತೆ ಬಂದ ಗಿಡ್ಡ ಪಾನ ಹಾಕಿ ನಾನು ಮೇಲೆ ನಿಂತರೂ ಅಲ್ಲಾಡಲಿಲ್ಲ. ಮಗನಿಗೆ ನಗು. ಕೊನೆಗೆ ಪಕ್ಕದ ಮನೆಯವರ ಕಬ್ಬಿಣದ ಪೈಪ್ ಸಿಕ್ಕಿಸಿ ತೆಗೆದೆವು. ಸೋಮವಾರವೇ ಉದ್ದ ಹಿಡಿಯ ಪ್ಲಸ್ ಪಾನ ತಂದೆ. ಸ್ಟೆಪ್ನಿಯಲ್ಲೂ ಅರ್ಧ ಗಾಳಿಯಿತ್ತು! ಇನ್ನೊಂದು: ಜಾಕಿ, ಪಾನ ಡಿಕ್ಕಿಯ ತಳದಲ್ಲಿ ಬಿಟ್ಟರೆ ರಸ್ತೆ ಬದಿಯಲ್ಲಿ ಎಲ್ಲ ಬ್ಯಾಗೂ ಇಳಿಸಬೇಕು. ಅವನ್ನು ಗೋಣಿಚೀಲದಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ.

ನಮ್ಮ ಕಡೆ ಇಲಿ ಕಾಟ ಹೇಳಬೇಕಾಗಿಲ್ಲ. ಬಾನೆಟ್ ಒಳಗೆ ಟಾರ್ಚ್ ಬಿಟ್ಟು ವೈರ್‌ಗಳನ್ನೆಲ್ಲ ನೋಡಿದೆ. ಒಂದು ಕಡೆ ಹಲ್ಲಿನ ಗುರುತಿತ್ತು, ಟೇಪ್ ಸುತ್ತಿಸಿದೆ. ಬ್ರೇಕ್ ಆಯಿಲ್ ಬದಲಾಯಿಸಿದೆ, ಅದು ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಬ್ಯಾಟರಿ ಚೆನ್ನಾಗಿತ್ತು. ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿಯ ತಾರೀಖು ನೋಡಿ, ಫಾಸ್ಟ್ಯಾಗ್‌ಗೆ ದುಡ್ಡು ಹಾಕಿದ್ದಾಯಿತು.

ಬೆಳಗ್ಗೆ ಐದಕ್ಕೇ ಹೊರಟೆವು. ಕಡೂರು, ಹೊಸದುರ್ಗ, ಚಿತ್ರದುರ್ಗ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50. ಹೊಸಪೇಟೆ ದಾಟುವಾಗ ನೆತ್ತಿ ಸುಡುವ ಬಿಸಿಲು. ಮುಳ್ಳು ಅರ್ಧದಲ್ಲೇ ನಿಂತಿತ್ತು, ನಾನು ಮಾತ್ರ ಐದು ನಿಮಿಷಕ್ಕೊಮ್ಮೆ ನೋಡುತ್ತಲೇ ಇದ್ದೆ. ಅಮ್ಮನ ಹರಕೆ ತೀರಿತು. ವಿಜಯಪುರವೂ ಆಯಿತು.

ವಾಪಸ್ ಬರುವಾಗ ಸಂಜೆ, ತುಂಗಭದ್ರೆಯ ಆಚೀಚಿನ ಗದ್ದೆಗಳ ನಡುವೆ ಹುಳಗಳ ಹಿಂಡು ಗಾಜಿಗೆ ಬಡಿಯತೊಡಗಿತು. ಎದುರಿನ ಲೈಟಿಗೆ ಏನೂ ಕಾಣದು. ವೈಪರ್ ಹಾಕಿ ನೀರಿನ ಗುಂಡಿ ಒತ್ತಿದೆ. ಬುರ್ ಅಂತ ಸದ್ದು ಬಂತು, ನೀರು ಬರಲಿಲ್ಲ. ಮಳೆಯೇ ಗಾಜು ತೊಳೆಯುವ ಊರಿನವರಿಗೆ ಆ ಡಬ್ಬಿ ನೆನಪಾಗುವುದಾದರೂ ಹೇಗೆ? ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕುಡಿಯುವ ನೀರು ಚೆಲ್ಲಿ, ಪೇಪರ್‌ನಿಂದ ಉಜ್ಜುತ್ತಾ ನಿಂತೆ. ಅಮ್ಮ ಕಿಟಕಿ ಇಳಿಸಿ ಹೇಳಿದರು: “ಹದಿನೈದು ದಿನ ಗಾಡಿ ಕೆಳಗೇ ಮಲಗಿದ್ಯಲ್ಲೋ, ಒಂದು ಚೊಂಬು ನೀರು ಹಾಕಕ್ಕಾಗ್ಲಿಲ್ವಾ?”