ತಡವಾಗಿ ಓಡೋದನ್ನು ಕಲಿತೆ: ಫಾರ್ ಪೋಸ್ಟ್‌ನಲ್ಲಿ ನನ್ನ ಮೂರು ಸೀಸನ್

ಹೋದ ಫುಟ್‌ಬಾಲ್ ಸೀಸನ್‌ನಲ್ಲಿ 14 ಗೋಲು ಹೊಡೆದೆ. ಅದರಲ್ಲಿ ಒಂಬತ್ತೋ ಹತ್ತೋ ಫಾರ್ ಪೋಸ್ಟ್ ಹತ್ತಿರ, ಅಂದರೆ ಚೆಂಡು ಬರುವ ಬದಿಯಿಂದ ದೂರದ ಗೋಲ್‌ಕಂಬದ ಹತ್ತಿರ ಬಂದವು, ಹೆಚ್ಚಿನವು ಒಂದೇ ಟಚ್‌ನಲ್ಲಿ. ಮೂರು ವರ್ಷದ ಹಿಂದೆ ಇದೇ ಓಟ ನೋಡಿ ಕೋಚ್ ಒಬ್ಬರು, "ಸ್ಟ್ರೈಕರ್ ಆದವಳು ಹಿಂದೆ ನಿಂತು ಕಾಯ್ತಾಳಾ? ನಿಯರ್ ಪೋಸ್ಟ್‌ಗೆ ನುಗ್ಗು" ಅಂದಿದ್ದರು. ನಿಯರ್ ಪೋಸ್ಟ್ ಅಂದರೆ ಚೆಂಡಿಗೆ ಹತ್ತಿರದ ಕಂಬ. ಜೊತೆ ಆಡುವವರಿಗೂ ನಂಬಿಕೆ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರದೇಶದ ನನ್ನ ಮೊದಲ ಕ್ಲಬ್‌ನಲ್ಲಿ ಸುಮಾರು 22 ಪಂದ್ಯ ಆಡಿದೆ, ಗೋಲು ಎರಡೇ. ಅದರಲ್ಲೂ ಒಂದು ಪೆನಾಲ್ಟಿ. ನನಗೆ ವೇಗ ಕಡಿಮೆ. 30 ಮೀಟರ್ ಸ್ಪ್ರಿಂಟ್‌ನಲ್ಲಿ ತಂಡದ ಕೊನೆಯ ಮೂವರಲ್ಲಿ ನಾನೊಬ್ಬಳು. ನಿಯರ್ ಪೋಸ್ಟ್‌ಗೆ ಎಷ್ಟು ನುಗ್ಗಿದರೂ ಎದುರಾಳಿ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್) ಒಂದು ಹೆಜ್ಜೆ ಮುಂದೆಯೇ ಇರುತ್ತಿದ್ದಳು. ಒಪ್ಪಂದ ಇದ್ದದ್ದು ಹತ್ತು ತಿಂಗಳಿಗೆ. ಉಳಿದ ಎರಡು ತಿಂಗಳು ಸಂಬಳವಿಲ್ಲ, ಮನೆ ಬಾಡಿಗೆ ಮಾತ್ರ ಇದೆ. ಏಜೆಂಟ್‌ಗೆ ಹತ್ತರಲ್ಲೊಂದು ಪಾಲು ಹೋಗಿ ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೇ. ಒಪ್ಪಂದ ಮುಂದುವರಿಯಲಿಲ್ಲ. ಆಟಗಾರ್ತಿಯನ್ನು ಬೆಳೆಸಿದ ಕ್ಲಬ್‌ಗೆ ಸಿಗುವ ತರಬೇತಿ ಪರಿಹಾರ ಫಿಫಾ ನಿಯಮದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಇಲ್ಲ. ಹಾಗಾಗಿ ನಮ್ಮನ್ನು ತಗೊಳ್ಳೋದೂ ಸುಲಭ, ಬಿಡೋದೂ ಸುಲಭ. ಎರಡನೇ ಕ್ಲಬ್ ಸಿಕ್ಕಾಗ ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ತಡವಾಗಿ ಬಂತು. ಮೊದಲ ಎರಡು ಪಂದ್ಯ ಗ್ಯಾಲರಿಯಲ್ಲಿ ಕೂತು ನೋಡಿದೆ.

ಆ ಖಾಲಿ ದಿನಗಳಲ್ಲೇ ಬುದ್ಧಿ ಬಂತು ಅನ್ನಬಹುದು. ವಿಡಿಯೊ ಕತ್ತರಿಸುವ ಹುಡುಗನೊಬ್ಬನಿಗೆ ಒಂದು ತಿಂಗಳ ಸಂಬಳದ ಕಾಲು ಭಾಗ ಕೊಟ್ಟು, ಹಿಂದಿನ ಸೀಸನ್‌ನ ನಮ್ಮ ತಂಡದ ಕ್ರಾಸ್‌ಗಳನ್ನೆಲ್ಲ (ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಒಂದೇ ಕಡೆ ಹಾಕಿಸಿದೆ. ಆಗ ಅದು ದೊಡ್ಡ ದುಡ್ಡು. ಅರ್ಧಕ್ಕರ್ಧ ಕ್ರಾಸ್‌ಗಳು ಎಲ್ಲರನ್ನೂ ದಾಟಿ ಫಾರ್ ಪೋಸ್ಟ್ ಕಡೆ ಹೋಗುತ್ತಿದ್ದವು. ಅಲ್ಲಿ ಯಾರೂ ಇಲ್ಲ! ನಾನು ನಿಯರ್ ಪೋಸ್ಟ್‌ನಲ್ಲಿ ಸುಮ್ನೆ ಬಿದ್ದಿದ್ದೇನೆ. 2011ರ ಮಹಿಳಾ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ 122ನೇ ನಿಮಿಷಕ್ಕೆ ಅಮೆರಿಕದ ಆ್ಯಬಿ ವಾಂಬಾಕ್ ತಲೆಯಿಂದ ಹೊಡೆದ ಗೋಲು, ಆ ಹೆಡರ್, ಆ ರಾತ್ರಿ ಮತ್ತೆ ಮತ್ತೆ ನೋಡಿದೆ. ಅವರದೇ ತಂಡದ ರಪಿನೋ ಎಡದಿಂದ ಎತ್ತಿದ ಚೆಂಡು ಕೀಪರ್ ಕೈಗೆ ಸಿಗದೆ ಫಾರ್ ಪೋಸ್ಟ್‌ಗೆ ಬರುತ್ತೆ, ವಾಂಬಾಕ್ ಅಲ್ಲಿರುತ್ತಾರೆ. ವೇಗ ಇಲ್ಲದಿದ್ದರೆ ಸ್ಟ್ರೈಕರ್ ಕೆಲಸ ಮುಗೀತು ಅನ್ನುವವರಿಗೆ ಇನ್ನೊಂದು ಹೆಸರು ಹೇಳುತ್ತೇನೆ: ಕ್ರಿಸ್ಟೀನ್ ಸಿಂಕ್ಲೇರ್. ಕೆನಡಾಗೆ 190 ಗೋಲು, 40 ವರ್ಷದವರೆಗೂ ಆಟ.

ನಾನು ಮಾಡಿದ್ದು ಇಷ್ಟು. ಫಾರ್ ಪೋಸ್ಟ್ ಕಡೆಯ ಎದುರಾಳಿ ಫುಲ್‌ಬ್ಯಾಕ್‌ನ (ಬದಿಯ ಡಿಫೆಂಡರ್) ಬೆನ್ನ ಹಿಂದೆ, ಭುಜಕ್ಕಿಂತ ಸ್ವಲ್ಪ ಆಚೆ ನಿಲ್ಲುವುದು. ಅವಳು ಚೆಂಡನ್ನಾದರೂ ನೋಡಬೇಕು, ನನ್ನನ್ನಾದರೂ ನೋಡಬೇಕು. ನಮ್ಮ ವಿಂಗರ್ (ಬದಿಯಲ್ಲಿ ಆಡಿ ಕ್ರಾಸ್ ಕೊಡುವವಳು) ತಲೆ ತಗ್ಗಿಸಿ ಚೆಂಡನ್ನು ಕೊನೆಯ ಸಲ ಮುಂದೆ ತಳ್ಳುವವರೆಗೆ ನಾನು ಬರೀ ನಡೆಯುತ್ತೇನೆ. ತಲೆ ತಗ್ಗಿತೋ, ಎರಡು ಹೆಜ್ಜೆ ಹೊರಗೆ, ಆಮೇಲೆ ಒಳಗೆ.

ಮೊದಲ ಮೂರು ತಿಂಗಳು ಎಲ್ಲ ಕೆಟ್ಟಿತು. ಬೇಗ ಓಡಿದೆ, ಚೆಂಡು ಬೆನ್ನ ಹಿಂದೆ ಬಿತ್ತು. ತಡ ಮಾಡಿದೆ, ಬೂಟಿನ ತುದಿಗೂ ಸಿಗಲಿಲ್ಲ. ಒಂದೇ ಪಂದ್ಯದಲ್ಲಿ ನಾಲ್ಕು ಸಲ ಆಫ್‌ಸೈಡ್ (ಚೆಂಡು ಬಿಡುವ ಮೊದಲೇ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಂತ ತಪ್ಪು) ಆದ ದಿನ ಕೋಚ್ ಅರ್ಧಕ್ಕೇ ಹೊರಗೆ ಕರೆದರು. ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಒಂದು ನಿಯಮ ಇಟ್ಟುಕೊಂಡೆ: ವಿಂಗರ್ ಬೈಲೈನ್ (ಗೋಲಿನ ಸಾಲಿನ ಗಡಿಗೆರೆ) ಮುಟ್ಟಿ ಹಿಂದಕ್ಕೆ ಕೊಡುವಾಗ ಚೆಂಡಿಗಿಂತ ಹಿಂದೆ ಇದ್ದರೆ ಆಫ್‌ಸೈಡ್ ಆಗುವ ಮಾತೇ ಇಲ್ಲ, ಆಗ ಧೈರ್ಯವಾಗಿ ನುಗ್ಗುವುದು. ದೂರದಿಂದ ಕ್ರಾಸ್ ಬಂದರೆ ಫುಲ್‌ಬ್ಯಾಕ್‌ನ ಸಾಲು ಬಿಡಬಾರದು.

ಅಭ್ಯಾಸಕ್ಕೆ 19 ವರ್ಷದ ವಿಂಗರ್ ಒಬ್ಬಳನ್ನು ಹಿಡಿದೆ. ವಾರಕ್ಕೆ ಮೂರು ದಿನ, ಪ್ರಾಕ್ಟೀಸ್ ಮುಗಿದ ಮೇಲೆ 40 ಕ್ರಾಸ್. ಅವಳ ಬಸ್ ಚಾರ್ಜು, ರಾತ್ರಿ ಊಟ ನನ್ನದು. ತಿಂಗಳ ಸಂಬಳದಲ್ಲಿ ನೂರಕ್ಕೆ ಐದೋ ಆರೋ ಹೋಗಿರಬೇಕು. ಯಾವ ಖಾಸಗಿ ಕೋಚಿಂಗ್‌ಗಿಂತಲೂ ಅಗ್ಗ. ಒದ್ದೆ ಹುಲ್ಲು, ಒಂದೇ ಕಂಬದ ಲೈಟು. ಪೋಸ್ಟ್‌ಗೆ ಮೊಣಕಾಲು ಎತ್ತರದಲ್ಲಿ ಹಳದಿ ಬಿಬ್ (ಅಭ್ಯಾಸದಲ್ಲಿ ಜೆರ್ಸಿ ಮೇಲೆ ಹಾಕುವ ಬಟ್ಟೆ) ಕಟ್ಟಿರುತ್ತಿದ್ದೆ. ಚೆಂಡು ತಗುಲಿ ಆ ಬಿಬ್ ಪಟ್ ಅಂತ ಸದ್ದು ಮಾಡಿದರೆ ಅವಳು ಅಲ್ಲಿಂದಲೇ ಕೈ ಎತ್ತುತ್ತಿದ್ದಳು. ಹೆಡರ್ ಮಾತ್ರ ದಿನಕ್ಕೆ ಹತ್ತು, ಜಾಸ್ತಿ ಬೇಡ. ಹತ್ತು ದಾಟಿದ ದಿನ ತಲೆ ಭಾರ ಆಗುತ್ತಿತ್ತು. ಉಳಿದದ್ದು ಕಾಲಲ್ಲಿ. ಗುರಿ ಯಾವಾಗಲೂ ಚೆಂಡು ಬಂದ ಕಡೆಗೇ ವಾಪಸ್, ಕೆಳಕ್ಕೆ. ಕೀಪರ್ ನಮ್ಮ ಕಡೆ ಜರುಗುತ್ತಿರುತ್ತಾಳೆ. 7.32 ಮೀಟರ್ ಗೋಲಿನಲ್ಲಿ ಅವಳು ಬಿಟ್ಟು ಬಂದ ಜಾಗ ಧಾರಾಳ. ಜೋರಾಗಿ ಹೊಡೆಯಬೇಕಿಲ್ಲ.

ಫುಲ್‌ಬ್ಯಾಕ್ ಯಾವ ಭುಜದ ಮೇಲೆ ತಿರುಗುತ್ತಾಳೆ ಅಂತ ಮೊದಲೇ ತಿಳಿಯಲು ನನ್ನದೊಂದು ಉಪಾಯ ಇದೆ. ಅದನ್ನು ಈಗ ಹೇಳಲ್ಲ. ಇನ್ನೂ ಎರಡು ಸೀಸನ್ ಆಡೋದಿದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಬೂಟಿನ ಹಿಮ್ಮಡಿ ಸಡಿಲ ಅಂತ ಎರಡೆರಡು ಇನ್‌ಸೋಲ್ ಹಾಕಿ ನೋಡಿದೆ, ಬೆರಳುಗಳು ಉಜ್ಜಿ ಹುಣ್ಣಾದವು. ಮುಟ್ಟಿನ ದಿನಗಳನ್ನು ಎಂಟು ತಿಂಗಳು ನೋಟ್‌ಬುಕ್‌ನಲ್ಲಿ ಬರೆದೆ. ಗೋಲಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ, ಆದರೆ ನಿದ್ದೆ ಕೆಡುವ ದಿನಗಳು ಗೊತ್ತಾದವು, ಆ ದಿನ ಜಿಮ್ ಕಡಿಮೆ ಮಾಡಿದೆ. ಬಿಡದೆ ಉಳಿಸಿಕೊಂಡದ್ದು ಒಂಟಿ ಕಾಲಲ್ಲಿ ಇಳಿಯುವ ಅಭ್ಯಾಸ, ದಿನಾ 15 ನಿಮಿಷ. ಮೊಣಕಾಲಿನ ಎಸಿಎಲ್ ಅಸ್ಥಿಬಂಧದ ಗಾಯದಿಂದ ನೆದರ್‌ಲ್ಯಾಂಡ್ಸ್‌ನ ಮೀಡೆಮಾ, ಇಂಗ್ಲೆಂಡ್‌ನ ಬೆತ್ ಮೀಡ್ ಇಬ್ಬರೂ 2023ರ ವಿಶ್ವಕಪ್ ಆಡಲಿಲ್ಲ ಅಲ್ವಾ? ಫಾರ್ ಪೋಸ್ಟ್ ಹೆಡರ್‌ನಲ್ಲಿ ನಾವು ಇಳಿಯೋದು ಹೆಚ್ಚಾಗಿ ಒಂದೇ ಕಾಲಿನ ಮೇಲೆ.

ಎರಡನೇ ಕ್ಲಬ್‌ನಲ್ಲಿ 9 ಗೋಲು ಆಯ್ತು, ರಾಷ್ಟ್ರೀಯ ತಂಡಕ್ಕೆ ಮತ್ತೆ ಕರೆ ಬಂತು. ಮೂರನೇ ಕ್ಲಬ್ ಜೊತೆ ಕೂತಾಗ ಸಂಬಳ ಏರಿಸಲು ಒಪ್ಪಲಿಲ್ಲ. "ಸರಿ, ಹತ್ತನೇ ಗೋಲಿನ ನಂತರ ಪ್ರತಿ ಗೋಲಿಗೆ ಅರ್ಧ ತಿಂಗಳ ಸಂಬಳ ಬೋನಸ್ ಬರೆಯಿರಿ" ಅಂದೆ. ಏಜೆಂಟ್ ಮೇಜಿನ ಕೆಳಗೆ ಕಾಲು ತುಳಿದ. ಎದುರಿನವರು ನಕ್ಕು ಬರೆದುಕೊಟ್ಟರು. 14 ಆಯ್ತು. ಎರಡು ತಿಂಗಳ ಸಂಬಳ ಒಟ್ಟಿಗೆ ಬಂತು, ಆ ಬೇಸಿಗೆಯ ಖಾಲಿ ತಿಂಗಳುಗಳು ಅದರಲ್ಲೇ ಕಳೆದವು.

ನನಗೆ ಕ್ರಾಸ್ ಹಾಕುತ್ತಿದ್ದ ಆ ಹುಡುಗಿ ಈ ವರ್ಷ ದೊಡ್ಡ ಕ್ಲಬ್ ಸೇರಿದಳು. ನನ್ನ ಈಗಿನ ವಿಂಗರ್ ಬಲಗಡೆ ಆಡುವ ಎಡಗಾಲಿನವಳು. ಅವಳ ಕ್ರಾಸ್ ಗೋಲಿನ ಕಡೆಗೇ ಬಾಗಿ ಬರುತ್ತೆ, ಹಾಗಾಗಿ ಹೊರಡುವ ಗಳಿಗೆಯನ್ನು ಮತ್ತೆ ಮೊದಲಿಂದ ಹುಡುಕಬೇಕು. ನಿನ್ನೆ 40ರಲ್ಲಿ 11 ಸಿಕ್ಕವು.