ಚಗಳಿ ವೇಷದ ಜೇಡ ಮತ್ತು ಮೂರು ಟ್ಯೂಬುಗಳು

ನಮ್ಮ ತೋಟದ ಅಂಚಿನ ಗೇರುಮರದಲ್ಲಿ ಚಗಳಿ ಇರುವೆಗಳು ಎಲೆ ಹೊಲಿದು ಗೂಡು ಕಟ್ಟಿವೆ. ಅದೇ ಮರದಲ್ಲಿ ಅವುಗಳಂತೆಯೇ ಕಾಣುವ ಒಂದು ಜೇಡವೂ ಇದೆ. ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ ಅಂತ ಅದರ ಹೆಸರು. ಬಣ್ಣ ಅದೇ, ಸಣ್ಣ ಸೊಂಟವೂ ಅದೇ. ಎಂಟು ಕಾಲು ಕಂಡರೆ ಗುಟ್ಟು ರಟ್ಟಾಗುತ್ತದೆ ಅಲ್ವಾ? ಅದಕ್ಕೇ ಮುಂದಿನ ಎರಡು ಕಾಲು ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಕಣ್ಣನ್ನು ಮಾತ್ರ ಬಚ್ಚಿಡೋಕಾಗಲ್ಲ. ಇರುವೆಗೆ ಕಣ್ಣು ತಲೆಯ ಅಕ್ಕಪಕ್ಕ, ಇದಕ್ಕೆ ಮುಖದ ಮುಂದೆಯೇ ಎರಡು ದೊಡ್ಡ ಕಣ್ಣು. ನನಗೆ ಬೇಕಿದ್ದದ್ದು ಆ ಕಣ್ಣಿನ ಫೋಟೊ.

ನನ್ನ ಹತ್ತಿರ ಇರುವುದು ಕ್ಯಾನನ್ 100 ಎಂಎಂ ಮ್ಯಾಕ್ರೊ, ಅಂದರೆ ಚಿಕ್ಕ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ಲೆನ್ಸ್. ಅದರ ಗರಿಷ್ಠ ಅಳತೆ ಒಂದಕ್ಕೊಂದು. ಅಂದರೆ ಜೇಡ ಎಷ್ಟಿದೆಯೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಅಷ್ಟೇ ಬೀಳುತ್ತದೆ. ನನ್ನ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 22 ಮಿ.ಮೀ. ಹೆಣ್ಣು ಜೇಡದ ಮೈಯುದ್ದ ಆರೇಳು ಮಿ.ಮೀ. ಚಿತ್ರದಲ್ಲಿ ಮೂರನೇ ಒಂದು ಭಾಗವೂ ತುಂಬುವುದಿಲ್ಲ. ಕಣ್ಣು ಬರೀ ಚುಕ್ಕಿ.

ಹಾಗಾಗಿ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದೆ. 12, 20, 36 ಎಂಎಂ, ಮೂರರ ಸೆಟ್. ಒಳಗೆ ಗಾಜೇ ಇಲ್ಲ, ಖಾಲಿ ಕೊಳವೆ. ಲೆನ್ಸನ್ನು ಸೆನ್ಸರ್‌ನಿಂದ ದೂರ ತಳ್ಳುವುದಷ್ಟೇ ಅದರ ಕೆಲಸ. ಲೆನ್ಸ್ ದೂರ ಹೋದಷ್ಟೂ ಇನ್ನೂ ಹತ್ತಿರದ ವಸ್ತುವಿಗೆ ಫೋಕಸ್ ಸಿಗುತ್ತದೆ, ದೂರದ್ದು ಕೈಬಿಡುತ್ತದೆ. ಸರಳ ಲೆಕ್ಕದಲ್ಲಿ ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಇಲ್ಲಿ ಆ 100 ಎಂಎಂ) ಭಾಗಿಸಿದರೆ ಅಳತೆ ಎಷ್ಟು ಹೆಚ್ಚಾಯಿತು ಅಂತ ಗೊತ್ತಾಗುತ್ತದೆ. ಮೂರೂ ಸೇರಿ 68, ಅಂದರೆ 0.68. ಮೊದಲಿನ ಒಂದಕ್ಕೆ ಸೇರಿಸಿದರೆ 1.68 ಪಟ್ಟು. ಆದರೆ ಈ ಲೆನ್ಸ್ ಹತ್ತಿರಕ್ಕೆ ಫೋಕಸ್ ಮಾಡುವಾಗ ಅದರ ಫೋಕಲ್ ಲೆಂತ್ ಒಳಗೊಳಗೇ ಕಡಿಮೆಯಾಗುತ್ತದೆ. ಆದ್ದರಿಂದ ನಿಜಕ್ಕೂ ಸಿಗುವುದು ಜಾಸ್ತಿ, ಹತ್ತಿರ ಹತ್ತಿರ ಎರಡು ಪಟ್ಟು. ಜೇಡ ಈಗ ಅರ್ಧಕ್ಕಿಂತ ಹೆಚ್ಚು ಜಾಗ ತುಂಬುತ್ತದೆ. ಕೊಳ್ಳುವಾಗ ವಿದ್ಯುತ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ. ಇಲ್ಲದಿದ್ದರೆ ಇಂಥ ಲೆನ್ಸಿನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಬದಲಿಸುವುದು ತಲೆನೋವು.

ದೊಡ್ಡದಾಗಿಸುವುದು ಸುಲಭ. ಕಷ್ಟ ಇರುವುದು ಬೆಳಕಿನಲ್ಲಿ. ಅದನ್ನು ಮೊದಲು ಸರಿಮಾಡಿಕೊಳ್ಳದೆ ಟ್ಯೂಬ್ ಹಾಕಿ ಪ್ರಯೋಜನವಿಲ್ಲ. ಅಪರ್ಚರ್ ಅಳೆಯುವುದು ಎಫ್ ಸಂಖ್ಯೆಯಲ್ಲಿ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎರಡು ಪಟ್ಟು ಅಳತೆಯಲ್ಲಿ ಎಫ್/8 ಅಂತ ಇಟ್ಟರೂ ಅದು ಸುಮಾರು ಎಫ್/24ರ ಹಾಗೆ ನಡೆದುಕೊಳ್ಳುತ್ತದೆ. ವ್ಯೂಫೈಂಡರ್‌ನಲ್ಲೇ ಕತ್ತಲೆ. ಫೋಕಸ್‌ನಲ್ಲಿರುವ ಪದರದ ದಪ್ಪ ಸುಮಾರು ಕಾಲು ಮಿ.ಮೀ. ಅದು ಸಾಲದು, ಪದರ ದಪ್ಪವಾಗಲಿ ಅಂತ ಎಫ್/16ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ, ಅಂದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಚದುರುವುದರಿಂದ, ಕಣ್ಣಿನ ಸುತ್ತಲಿನ ಕೂದಲೆಲ್ಲ ಮಂಕಾಗುತ್ತದೆ. ನಾನು ಎಫ್/8 ಬಿಟ್ಟು ಕದಲುವುದಿಲ್ಲ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 200, ಶಟರ್ 1/200 ಸೆಕೆಂಡ್, ಉಳಿದದ್ದೆಲ್ಲ ಫ್ಲ್ಯಾಶ್‌ದು. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದರಷ್ಟು ಹೊತ್ತು. ಕೈ ನಡುಗಿದರೂ, ಎಲೆ ಗಾಳಿಗೆ ಅಲ್ಲಾಡಿದರೂ ಚಿತ್ರ ನಿಲ್ಲುತ್ತದೆ.

ಬರೀ ಫ್ಲ್ಯಾಶ್ ಹೊಡೆದರೆ ಜೇಡದ ಕಣ್ಣಿನಲ್ಲಿ ಚುಚ್ಚುವಂಥ ಬಿಳಿ ಚುಕ್ಕಿ ಬೀಳುತ್ತದೆ. ಪಾತ್ರೆಪಗಡಿ ಸುತ್ತಿ ಕೊಡುವ ತೆಳು ಬಿಳಿ ಫೋಮ್ ಹಾಳೆ ಇದೆಯಲ್ಲ, ಅದನ್ನು ಫ್ಲ್ಯಾಶ್‌ನಿಂದ ಲೆನ್ಸಿನ ಮೂತಿಯವರೆಗೆ ಬಾಗಿಸಿ ಕಟ್ಟಿದ್ದೇನೆ. ಲೆನ್ಸ್ ಹುಡ್ ತೆಗೆದಿಟ್ಟಿದ್ದೇನೆ. ಹಾಳೆ ಜೇಡದ ತಲೆ ಮೇಲೇ ಬರುವುದರಿಂದ ಅದಕ್ಕೆ ಮೋಡದ ಆಕಾಶವಿದ್ದಂತೆ. ಕಣ್ಣಿನ ಮೇಲ್ಭಾಗದಲ್ಲಿ ಅಗಲವಾದ ಮೆದು ಹೊಳಪು, ಕೆಳಗೆ ಆಳವಾದ ಕಪ್ಪು. ಕಣ್ಣು ಗುಂಡಗಿದೆ ಅನ್ನುವುದು ಆಗಲೇ ತಿಳಿಯುವುದು.

ಆಟೊಫೋಕಸ್ ಆಫ್. ಫೋಕಸ್ ರಿಂಗನ್ನು ಅತಿ ಹತ್ತಿರಕ್ಕೆ ತಿರುಗಿಸಿ ಹಾಗೇ ಬಿಡುತ್ತೇನೆ. ಈ ದೂರದಲ್ಲಿ ರಿಂಗ್ ತಿರುಗಿಸಿದರೆ ಅಳತೆಯೇ ಬದಲಾಗುತ್ತದೆ. ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗುತ್ತಾ, ಕಣ್ಣು ಚುರುಕಾದ ಕ್ಷಣ ಒತ್ತಬೇಕು. ಎಡಗೈಯಲ್ಲಿ ಕೊಂಬೆ ಹಿಡಿದು ಅದೇ ಕೈ ಮೇಲೆ ಲೆನ್ಸ್ ಇಡುವುದು ಎಲ್ಲರೂ ಹೇಳುವ ಉಪಾಯ. ಚಗಳಿ ಮರದಲ್ಲಿ ಅದು ನಡೆಯಲ್ಲ, ಕಚ್ಚಿ ಬಿಡಿಸುತ್ತವೆ. ನಾನು ಮರಕ್ಕೆ ತಾಗದಂತೆ ನೆಲಕ್ಕೆ ಒಂದು ಕೋಲು ಊರಿ, ಲೆನ್ಸನ್ನೂ ಕೋಲನ್ನೂ ಸೇರಿಸಿ ಹಿಡಿಯುತ್ತೇನೆ. ಭಾರ ಲೆನ್ಸಿನ ಮೇಲೇ ಬರಲಿ. ಮೂರು ಟ್ಯೂಬ್ ಅಂದರೆ ನಾಲ್ಕು ಜೋಡಣೆ, ಕ್ಯಾಮೆರಾ ಹಿಡಿದು ಎತ್ತಿದರೆ ಎಲ್ಲವೂ ಅಲುಗುತ್ತದೆ. ಟ್ಯೂಬ್ ಬದಲಿಸುವುದು ಮನೆಯೊಳಗೇ, ಅದರಲ್ಲೂ ಮಳೆಗಾಲದಲ್ಲಿ.

ಜೇಡಕ್ಕೆ ಗಾಬರಿಯಾದರೆ ನೂಲು ಬಿಟ್ಟು ಕೆಳಗೆ ಜೋತು ಬೀಳುತ್ತದೆ. ಇರುವೆ ಹಾಗೆ ಮಾಡಲ್ಲ, ಗುರುತು ಹಿಡಿಯಲು ಇದೂ ಒಂದು ದಾರಿ. ಸುಮ್ನೆ ಕಾದರೆ ಮತ್ತೆ ಮೇಲೆ ಬರುತ್ತದೆ. ಗಂಡು ಸಿಕ್ಕಿದರೆ ಮಾತ್ರ ನಾನು ಎರಡು ಟ್ಯೂಬ್ ಬಿಚ್ಚಿ 20ರದ್ದೊಂದೇ ಇಟ್ಟುಕೊಳ್ಳುತ್ತೇನೆ. ಗಂಡಿನ ಬಾಯಿಯ ಕೊಂಡಿಗಳು ಬಲು ಉದ್ದ, ಇರುವೆಯೊಂದು ಇನ್ನೊಂದನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. ಎರಡು ಪಟ್ಟಿನಲ್ಲಿ ಅದು ಪೂರ್ತಿ ಚೌಕಟ್ಟಿಗೆ ಹಿಡಿಸುವುದಿಲ್ಲ.